ಬಂಡೆಯ ಬ್ರಾಹ್ಮಿಯಿಂದ ಜಾಲವಿಳಾಸದವರೆಗೆ



ಕೊಪ್ಪಳದ ಗವಿಮಠದ ಗುಡ್ಡದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇಂದಿನ ಕನ್ನಡ ಅಕ್ಷರಗಳ ಮೂಲ ಆ ಬ್ರಾಹ್ಮಿಯೇ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣವನ್ನೂ, ಅಂದರೆ ಕೊಪ್ಪಳವನ್ನೂ, ಹೆಸರಿಸುತ್ತದೆ. ಇಂಥ ಊರಿನ ಹೆಸರು ಅಂತರಜಾಲದ ವಿಳಾಸದಲ್ಲಿ ತನ್ನದೇ ಅಕ್ಷರದಲ್ಲಿ ಬರಲು ಎಷ್ಟು ಕಾಯಬೇಕಾಯಿತು ಎಂಬುದೇ ಇವತ್ತಿನ ಮಾತು.

1983ರಲ್ಲಿ ಅಮೆರಿಕದ ಪಾಲ್ ಮೊಕಾಪೆಟ್ರಿಸ್ ಡೊಮೈನ್ ಹೆಸರುಗಳ ವ್ಯವಸ್ಥೆ ರೂಪಿಸಿದರು. ಬಳಕೆಗೆ ಬಂದದ್ದು ಇಂಗ್ಲಿಷಿನ 26 ಅಕ್ಷರ, ಹತ್ತು ಅಂಕಿ, ಒಂದು ಅಡ್ಡಗೆರೆ, ಅಷ್ಟೇ. ಅದರಲ್ಲಿ ಕೊಪ್ಪಳದ 'ಳ'ಕ್ಕೆ ಜಾಗವಿಲ್ಲ, 'ಲ'ವೂ ಅದೇ, 'ಳ'ವೂ ಅದೇ. ಕೊಪ್ಪಳ ಜಿಲ್ಲೆಯ ಯಲಬುರ್ಗಾ ಎಂಬ ಒಂದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಒಂದು ಬಗೆ, ಇನ್ನೊಬ್ಬರು ಇನ್ನೊಂದು ಬಗೆ ಬರೆಯುತ್ತಾರೆ.

ಫೈಲ್ ಹೆಸರಿನ ಕತೆಯೂ ಹೀಗೆಯೇ. ನುಡಿ, ಬರಹ, ಶ್ರೀಲಿಪಿ ಬಂದಮೇಲೆ ಗಂಗಾವತಿ, ಕುಷ್ಟಗಿಯಂಥ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಕರಪತ್ರ ಎಲ್ಲವೂ ಕನ್ನಡದಲ್ಲೇ ತಯಾರಾದವು. ಆದರೆ ಆ ಕಾಲದ ಅಕ್ಷರಗಳು ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡ ಫಾಂಟ್ ಹೊದಿಸಿದವು. ಫೈಲಿನ ಒಳಗೆ ಫಾಂಟ್ ಆರಿಸಬಹುದು. ಫೈಲಿನ ಹೆಸರಿಗೆ ಆ ಅವಕಾಶವಿಲ್ಲ. ಒಳಗೆ ಅಚ್ಚಗನ್ನಡದ ಆಮಂತ್ರಣ, ಹೊರಗೆ ಇಂಗ್ಲಿಷ್ ಅಕ್ಷರದಲ್ಲಿ 'ಲಗ್ನ ಫೈನಲ್'!

ಬಿಡುಗಡೆಯ ದಾರಿ ತೆರೆದದ್ದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸಂಕೇತಗಳು ಸಿಕ್ಕವು. 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಫಾಂಟ್ ಬಂತು. ಅಲ್ಲಿಂದ ಫೈಲಿನ ಹೆಸರೂ ಕನ್ನಡದಲ್ಲಿ ಕಾಣತೊಡಗಿತು.

ಹಾಗಂತ ತೊಡಕು ಮುಗಿಯಲಿಲ್ಲ. ಕೊಪ್ಪಳ ಎಂಬ ಹೆಸರಿನ ಮೊದಲ ಅಕ್ಷರವನ್ನೇ ನೋಡಿ. 'ಕೊ' ಬರೆಯಲು 'ಕ'ದ ಮುಂದೆ ಒಕಾರದ ಒಂದೇ ಚಿಹ್ನೆ ಇಡಬಹುದು. ಎತ್ವ, ಆಮೇಲೆ ಊಕಾರದ ಕೊಂಬು ಎಂದು ಎರಡು ಚಿಹ್ನೆಯಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ ರೂಪ. ಯಂತ್ರಕ್ಕೆ ಮಾತ್ರ ಒಂದು ಆರು ಸಂಕೇತಗಳ ಹೆಸರು, ಇನ್ನೊಂದು ಏಳರದು. ಆಪಲ್‌ನ ಹಳೆಯ ಫೈಲ್ ವ್ಯವಸ್ಥೆ ಬಿಡಿಸಿದ ರೂಪದಲ್ಲೇ ಉಳಿಸುತ್ತಿತ್ತು. ಅಲ್ಲಿಂದ ಲಿನಕ್ಸ್ ಯಂತ್ರಕ್ಕೆ ಬಂದರೆ ಒಂದೇ ಕಡತಕೋಶದಲ್ಲಿ ಎರಡು 'ಕೊಪ್ಪಳ' ಅಕ್ಕಪಕ್ಕ ಕೂರಬಹುದು. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಕಡತ ಇಟ್ಟವರು ಎಷ್ಟು ಪರದಾಡಬೇಕು, ಯೋಚಿಸಿ. ಜಾಲವಿಳಾಸದ ನಿಯಮ ಕೂಡಿಸಿದ ರೂಪವನ್ನೇ ಕೇಳುತ್ತದೆ. ಅದು ಒಳ್ಳೆಯ ನಿರ್ಧಾರ.

ಪುಟದ ವಿಳಾಸದಲ್ಲಿ ಕೊಪ್ಪಳ ಎಂದು ಬರೆದು ಅದನ್ನು ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಅನೇಕ ಸಲ ಶೇಕಡಾ ಚಿಹ್ನೆಗಳ ಉದ್ದ ಸಾಲು ಬೀಳುತ್ತದೆ. ನಮ್ಮ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒಂದೊಂದು ಬೈಟಿಗೂ ಮೂರು ಅಕ್ಷರ. ಆರು ಸಂಕೇತಗಳ ಊರು 54 ಅಕ್ಷರಗಳಾಗುತ್ತದೆ.

ಡೊಮೈನ್ ಹೆಸರಿಗೆ 2003ರಲ್ಲಿ ಬೇರೆ ಉಪಾಯ ಬಂತು, ಪ್ಯೂನಿಕೋಡ್. ಓದುಗರಿಗೆ ಕನ್ನಡ ಕಾಣುತ್ತದೆ, ಯಂತ್ರದ ಒಳಗೆ ಇಂಗ್ಲಿಷ್ ಅಕ್ಷರಗಳೇ ಹರಿಯುತ್ತವೆ. 'ಭಾರತ' ಎಂಬ ಕನ್ನಡ ಹೆಸರು ಒಳಗೆ ಎಕ್ಸ್, ಎನ್, ಎರಡು ಅಡ್ಡಗೆರೆ, ಬಳಿಕ 2, ಎಸ್, ಸಿ, ಆರ್, ಜೆ, 9, ಸಿ. 2010ರಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಲಿಪಿಗಳ ದೇಶನಾಮಗಳು ವಿಳಾಸದ ಕೊನೆಯಲ್ಲಿ ಬಳಕೆಗೆ ಬಂದವು. 2014ರ ಆಗಸ್ಟ್‌ನಲ್ಲಿ ದೇವನಾಗರಿಯ 'ಭಾರತ' ಆರಂಭವಾಯಿತು. ಕನ್ನಡದ್ದು ಆಮೇಲೆ ಸೇರಿತು.

ಜಗತ್ತಿನ ಡೊಮೈನ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯಡಿ ಕನ್ನಡವೂ ಸೇರಿ ಒಂಬತ್ತು ಭಾರತೀಯ ಲಿಪಿಗಳಿಗೆ ನಿಯಮ ಬರೆದ ಮಂಡಳಿಯ ಹೆಸರು ನಿಯೋ ಬ್ರಾಹ್ಮಿ. ಗವಿಮಠದ ಬಂಡೆಯನ್ನು ಕಂಡವರಿಗೆ ಆ ಹೆಸರು ರೋಮಾಂಚನ ತರಬೇಕು. 2019ರಲ್ಲಿ ಹೊರಬಂದ ಕನ್ನಡ ನಿಯಮದ ಕಠಿಣ ಭಾಗ ತೆಲುಗು. ಗಂಗಾವತಿಯ 'ಗ', ಸೊನ್ನೆ ಎರಡೂ ತೆಲುಗಿನಲ್ಲಿ ಹೆಚ್ಚುಕಡಿಮೆ ಹೀಗೆಯೇ ಇವೆ. ಒಂದು ಲಿಪಿಯಲ್ಲಿ ವಿಳಾಸ ಪಡೆದು ಇನ್ನೊಂದರ ಜನರನ್ನು ವಂಚಿಸಬಾರದೆಂದು, ವಿಳಾಸದ ಕೊನೆಯ ಭಾಗ ನಿರ್ಧಾರವಾಗುವ ಮೂಲಮಟ್ಟದಲ್ಲಿ ಇಂಥ ಜೋಡಿಗಳಲ್ಲಿ ಒಂದು ಸಿಕ್ಕರೆ ಇನ್ನೊಂದನ್ನು ತಡೆಯುತ್ತಾರೆ. ತೆಲುಗು ಮಾತಾಡುವ ಕುಟುಂಬಗಳೂ ಬಾಳುವ ಗಂಗಾವತಿಯಲ್ಲಿ ಈ ಎಚ್ಚರಿಕೆಗೆ ನೇರ ಅರ್ಥವಿದೆ.

ಇನ್ನು ಉಳಿದಿರುವುದು ನಮ್ಮ ಕೈಯಲ್ಲಿರುವ ಕೆಲಸ. ಕನ್ನಡ ಅಕ್ಷರದ ಇಮೇಲ್‌ಗೆ 2012ರಿಂದಲೇ ಮಾನದಂಡವಿದೆ; ಆದರೂ ಎಷ್ಟೋ ಅರ್ಜಿ ನಮೂನೆಗಳು ಅದನ್ನು 'ತಪ್ಪು ವಿಳಾಸ' ಎಂದು ತಿರಸ್ಕರಿಸುತ್ತವೆ. ಹೊಸ ತಂತ್ರಾಂಶ ಕೊಳ್ಳುವ ಕಚೇರಿ, ಶಾಲೆ, ಪಂಚಾಯತಿಗಳು ಹಣ ಕೊಡುವ ಮೊದಲೇ ಅದರಲ್ಲಿ ಕನ್ನಡ ವಿಳಾಸವನ್ನೂ ಕನ್ನಡ ಹೆಸರಿನ ಫೈಲನ್ನೂ ಹಾಕಿ ಪರೀಕ್ಷಿಸಿ ನೋಡಬೇಕು. ಪರೀಕ್ಷೆಗೆ ಕೊಪ್ಪಳ ಎಂಬ ಹೆಸರೇ ಸಾಕು; 'ಕೊ'ದ ಎರಡೂ ರೂಪದಲ್ಲಿ ಹಾಕಿ ನೋಡಿ.