ಗರಗಸ ಎಲ್ಲಿ ಇಡಬೇಕು?

ಏಪ್ರಿಲ್, ಮೇ ತಿಂಗಳಲ್ಲಿ ಹೊಸಪೇಟೆ ಕಡೆ ಹಗಲೆಲ್ಲ ಬಿಸಿಲು ಸುಟ್ಟು, ಸಂಜೆಯ ಹೊತ್ತಿಗೆ ಒಮ್ಮೆಲೇ ಗಾಳಿ ಏಳುತ್ತದೆ. ಮೊದಲು ಧೂಳು, ಆಮೇಲೆ ಗುಡುಗು, ಅದರ ಹಿಂದೆ ಮಳೆ. ಮರುದಿನ ಬೆಳಿಗ್ಗೆ ನೋಡಿದರೆ ಯಾರದೋ ಮನೆಯ ತಗಡಿನ ಮೇಲೆ ಬೇವಿನ ಟೊಂಗೆ ಬಿದ್ದಿರುತ್ತದೆ. ಆಗ ಓಣಿಯ ದೊಡ್ಡವರು ‘ಮರ ಕಡಿಯೋರನ್ನ ಕರೆಸಬೇಕು’ ಅನ್ನುತ್ತಾರೆ. ಹಗ್ಗ, ಕೊಡಲಿ, ಗರಗಸ ಹಿಡಿದು ಇಬ್ಬರೋ ಮೂವರೋ ಬರುತ್ತಾರೆ. ಈಗೀಗ ಪೆಟ್ರೋಲ್ ಹಾಕಿ ಓಡಿಸುವ ಕಟಿಂಗ್ ಮಷಿನ್ ಕೂಡ ಬಂದಿದೆ.

ಅವರು ಬಂದ ದಿನ, ಟೊಂಗೆ ಬೀಳುವ ಜಾಗದಿಂದ ಸಾಕಷ್ಟು ದೂರ ನಿಂತು, ನೀವು ಒಂದೇ ಒಂದು ಸಂಗತಿ ಗಮನಿಸಿ. ಅವರು ಟೊಂಗೆಯ ಯಾವ ಜಾಗದಲ್ಲಿ ಗರಗಸ ಇಡುತ್ತಾರೆ? ಆ ಮರ ಮುಂದೆ ಹತ್ತಾರು ವರ್ಷ ಗಟ್ಟಿಯಾಗಿ ನಿಲ್ಲುತ್ತದೋ, ಒಳಗೊಳಗೇ ಟೊಳ್ಳಾಗುತ್ತದೋ ಎನ್ನುವುದು ಬಹಳ ಮಟ್ಟಿಗೆ ಇದರ ಮೇಲಿದೆ.

ಆಡುವಾಗ ಬಿದ್ದು ನಿಮ್ಮ ಮೊಣಕಾಲು ತರಚಿತು ಅನ್ನಿ. ಕೆಲವು ದಿನದಲ್ಲಿ ಹಕ್ಕಳೆ ಉದುರಿ, ಅದೇ ಜಾಗದಲ್ಲಿ ಹೊಸ ಚರ್ಮ ಬರುತ್ತದೆ. ಮರಕ್ಕೆ ಹೀಗೆ ಮಾಡಲು ಬರುವುದಿಲ್ಲ. ಕೆಟ್ಟುಹೋದ ಕಟ್ಟಿಗೆಯ ಜಾಗದಲ್ಲೇ ಹೊಸ ಕಟ್ಟಿಗೆ ಕಟ್ಟಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಅದು ಗಾಯವನ್ನು ಒಳಗೇ ಬಂದೋಬಸ್ತ್ ಮಾಡಿ ಮುಚ್ಚಿಬಿಡುತ್ತದೆ. ಗಾಯದ ಸುತ್ತ ನೀರು ಹರಿಯುವ ಸಣ್ಣ ಕೊಳವೆಗಳನ್ನು ಅಂಟಿನಂಥ ವಸ್ತುಗಳಿಂದ ತುಂಬಿ, ಬೂಷ್ಟು ಒಳಕ್ಕೆ ನುಗ್ಗದಂತೆ ತಡೆ ಕಟ್ಟುತ್ತದೆ. ಆಮೇಲೆ ಹೊರಗಿನಿಂದ ವರ್ಷ ವರ್ಷವೂ ಹೊಸ ಕಟ್ಟಿಗೆ ಬೆಳೆಸಿ, ಅಂಚಿನಿಂದ ನಡುವಿಗೆ ಬರುತ್ತಾ ಬಾಯಿ ಮುಚ್ಚುತ್ತದೆ. ಹೊಸ ಕಟ್ಟಿಗೆ ಬೆಳೆಸುವ ಪದರ ತೊಗಟೆಯ ಕೆಳಗೇ ಇದೆ. ಅದರ ಹೆಸರು ಕ್ಯಾಂಬಿಯಂ. ಕಾಗದದಷ್ಟು ತೆಳು, ಆದರೆ ಇಡೀ ಮರ ದಪ್ಪಗಾಗುವುದು ಅದರಿಂದಲೇ.

ಇದನ್ನು ವಿವರವಾಗಿ ತೋರಿಸಿಕೊಟ್ಟವರು ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೋ. ಮೊದಲು ಮರವನ್ನು ಅಡ್ಡಕ್ಕೆ ಕೊಯ್ದು ನೋಡುವುದೇ ರೂಢಿಯಾಗಿತ್ತು. ಶೈಗೋ ಮಷಿನ್ ಗರಗಸದಿಂದ ಸಾವಿರಾರು ಮರಗಳನ್ನು ಮೇಲಿಂದ ಕೆಳಕ್ಕೆ ಉದ್ದುದ್ದ ಸೀಳಿ ನೋಡಿದರು. ಗಾಯವಾದ ದಿನ ಇದ್ದ ಕಟ್ಟಿಗೆಯಲ್ಲಿ ಕೊಳೆ ಮೇಲೆ ಕೆಳಗೆ ಹಬ್ಬಿದ್ದರೂ, ಆಮೇಲೆ ಬೆಳೆದ ಕಟ್ಟಿಗೆ ಶುಭ್ರವಾಗಿತ್ತು. ಈ ವಿಚಾರವನ್ನು ಅವರು 1977ರಲ್ಲಿ ಪ್ರಕಟಿಸಿದರು. ಕೊಯ್ದ ಜಾಗಕ್ಕೆ ಬಣ್ಣ, ಟಾರು ಬಳಿದರೆ ಕೊಳೆ ನಿಲ್ಲುವುದಿಲ್ಲ ಎಂಬುದನ್ನೂ ಅವರು ಹೇಳಿದರು. ಎಷ್ಟೋ ಜನ ಇಂದಿಗೂ ಬಳಿಯುತ್ತಲೇ ಇದ್ದಾರೆ.

ಈಗ ನಿಮ್ಮ ಮನೆ ಮುಂದಿನ ಬೇವಿನ ಮರದ ಹತ್ತಿರ ಹೋಗಿ. ಕೈಗೆ ಸಿಗುವ ಒಂದು ಟೊಂಗೆ, ಬೊಡ್ಡೆಯನ್ನು ಸೇರುವ ಜಾಗವನ್ನು ಬೆರಳಿನಿಂದ ಸವರಿ. ಅಲ್ಲಿ ಟೊಂಗೆ ಸ್ವಲ್ಪ ಉಬ್ಬಿದೆ, ತೊಗಟೆ ಸುಕ್ಕುಗಟ್ಟಿದೆ, ಅಲ್ಲವೇ? ತಡೆ ಕಟ್ಟುವ ಕೆಲಸ ಚೆನ್ನಾಗಿ ನಡೆಯುವುದು ಈ ಉಬ್ಬಿನಲ್ಲಿ. ಬೊಡ್ಡೆಗೆ ಅಂಟಿಸಿ ನುಣ್ಣಗೆ ಕೊಯ್ದರೆ ಉಬ್ಬು ಹೋಗುತ್ತದೆ, ಗಾಯ ಬೊಡ್ಡೆಯೊಳಕ್ಕೇ ಇಳಿಯುತ್ತದೆ. ಮೊಳದುದ್ದ ಮೋಟು ಬಿಟ್ಟರೂ ತಪ್ಪೇ. ಮೋಟು ಒಣಗಿ, ಕೊಳೆತು, ಗೆದ್ದಲಿಗೆ ದಾರಿಯಾಗುತ್ತದೆ, ಹೊಸ ಕಟ್ಟಿಗೆಗೆ ಅದನ್ನು ದಾಟಿ ಬಾಯಿ ಮುಚ್ಚಲು ಆಗುವುದಿಲ್ಲ. ಉಬ್ಬನ್ನು ಉಳಿಸಿ, ಅದರ ಹೊರ ಅಂಚಿಗೆ ಗರಗಸ ಇಡಬೇಕು.

ದಪ್ಪ ಟೊಂಗೆಯನ್ನು ಒಂದೇ ಸಲ ಮೇಲಿನಿಂದ ಕೊಯ್ದರೆ ಇನ್ನೊಂದು ಅಪಾಯ. ಅರ್ಧ ಕೊಯ್ಯುವಷ್ಟರಲ್ಲಿ ತನ್ನ ಭಾರಕ್ಕೇ ಮುರಿದು, ಬೀಳುವಾಗ ಬೊಡ್ಡೆಯ ತೊಗಟೆಯನ್ನು ಉದ್ದಕ್ಕೆ ಸಿಗಿದುಕೊಂಡು ಹೋಗುತ್ತದೆ. ಬಲ್ಲವರು ಮೂರು ಸಲ ಕೊಯ್ಯುತ್ತಾರೆ. ಬೊಡ್ಡೆಯಿಂದ ಒಂದು ಅಡಿ ಆಚೆ, ಕೆಳಗಿನಿಂದ ಮೇಲಕ್ಕೆ ಸ್ವಲ್ಪ. ಅದಕ್ಕಿಂತ ತುಸು ಆಚೆ, ಮೇಲಿನಿಂದ ಕೆಳಕ್ಕೆ ಪೂರ್ತಿ. ಟೊಂಗೆ ಬಿದ್ದ ಮೇಲೆ ಉಳಿದ ಮೋಟನ್ನು ಉಬ್ಬಿನ ಅಂಚಿಗೆ. ‘ಅಣ್ಣಾ, ಆ ಉಬ್ಬು ಉಳಿಸಿ ಕೊಯ್ರಿ’ ಎಂದು ನೀವು ಹೇಳಿದರೆ ಅವರು ಖಂಡಿತ ಕೇಳುತ್ತಾರೆ. ಮರ ಹತ್ತುವ ಕೈಗೆ ಮರದ ಗುಣ ಗೊತ್ತಿರುತ್ತದೆ. ಎಷ್ಟೋ ಸಲ ಅವಸರ ಮಾಡುವವರು ಕೆಳಗೆ ನಿಂತ ಮನೆಯವರು.

ಮನೆಯವರ ಇನ್ನೊಂದು ಬೇಡಿಕೆ ‘ತಲೆಯನ್ನೇ ಕಡಿದುಬಿಡಿ’ ಎನ್ನುವುದು. ಇದು ನನಗೆ ಬಹಳ ಬೇಸರ ತರುತ್ತದೆ. ತಲೆ ಕಡಿದ ಬೇವು ಸಾಯುವುದಿಲ್ಲ. ತೊಗಟೆಯ ಕೆಳಗೆ ಮಲಗಿದ್ದ ಮೊಗ್ಗುಗಳು ಎದ್ದು, ಒಂದೇ ಜಾಗದಿಂದ ಹತ್ತಾರು ಚಿಗುರು ನುಗ್ಗುತ್ತವೆ. ಹಂಪಿಯಂಥ ಹಳೆಯ ಗುಡಿಗಳ ಕಲ್ಲುಸಂದಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಹುಟ್ಟುವ ಅರಳಿ ಗಿಡವನ್ನು ಮೇಲೆ ಮಾತ್ರ ಕಡಿದರೆ ಮತ್ತೆ ಮತ್ತೆ ಬರುವುದೂ ಇದೇ ಕಾರಣಕ್ಕೆ. ಆದರೆ ಹೀಗೆ ಬಂದ ಟೊಂಗೆಗಳ ಬುಡ ಒಳಗಿನಿಂದ ಗಟ್ಟಿಯಲ್ಲ, ಅವು ಹೊರಗಿನ ಪದರಕ್ಕಷ್ಟೇ ಅಂಟಿಕೊಂಡಿರುತ್ತವೆ. ನಾಲ್ಕಾರು ವರ್ಷಕ್ಕೆ ಅವು ದಪ್ಪಗಾದಾಗ ಬಿರುಗಾಳಿಗೆ ಮೊದಲು ಮುರಿಯುವುದು ಅವೇ. ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯದಿದ್ದರೆ ಒಳ್ಳೆಯದು. ನುಗ್ಗೆ ಮಾತ್ರ ಬೇರೆ: ಕಾಯಿ ಮುಗಿದ ಮೇಲೆ ಚೆನ್ನಾಗಿ ಸವರಿದರೂ ಅದು ಹುಮ್ಮಸ್ಸಿನಿಂದ ಚಿಗುರುತ್ತದೆ. ಮಾವಿನ ಟೊಂಗೆ ಸವರುವುದಿದ್ದರೆ ಹಣ್ಣು ಮುಗಿದ ಕೂಡಲೇ ಸವರಬೇಕು. ಹೂ ಬರುವುದು ಟೊಂಗೆಯ ತುದಿಯಲ್ಲಿ, ಚಳಿಗಾಲದ ಹೊತ್ತಿಗೆ ತುದಿ ಕಡಿದರೆ ಹೂವೂ ಹೋಯಿತು, ಹಣ್ಣೂ ಹೋಯಿತು.

ಕಂಪ್ಲಿಯ ಹೊಳೆ ಕಡೆಯ ಮಕ್ಕಳು ಕೇಳಬಹುದು: ತೆಂಗಿನ ಕಥೆ ಏನು? ತೆಂಗಿನಲ್ಲಿ ಕ್ಯಾಂಬಿಯಂ ಇಲ್ಲವೇ ಇಲ್ಲ. ಹತ್ತಲು ಅಂತ ಬೊಡ್ಡೆಯಲ್ಲಿ ಕಚ್ಚು ಹಾಕಿದರೆ ಆ ಕಚ್ಚು ಮರ ಇರುವ ತನಕ ಹಾಗೇ ಇರುತ್ತದೆ, ಮುಚ್ಚುವುದಿಲ್ಲ. ಮೇಲಕ್ಕೆ ಬೆಳೆಯುವ ಸುಳಿಯೂ ಒಂದೇ. ಅದನ್ನು ಕಡಿದರೆ ಮರವೇ ಹೋಯಿತು. ಒಣಗಿ ಜೋತುಬಿದ್ದ ಗರಿ ತೆಗೆಸಿ ಸಾಕು, ಹಸಿರು ಗರಿಗೆ ಕೈ ಹಚ್ಚಬೇಡಿ. ಬಾಳೆ ಅಂತೂ ಮರವೇ ಅಲ್ಲ, ಒಂದರ ಮೇಲೊಂದು ಸುತ್ತಿದ ಎಲೆಬುಡಗಳ ಕಂಬ. ಎಳೆ ಬಾಳೆಯನ್ನು ಅಡ್ಡ ಕಡಿದು ಕೆಲವು ಗಂಟೆ ಬಿಟ್ಟು ನೋಡಿ, ನಡುವಿನ ಸುಳಿ ಮೇಲಕ್ಕೆ ತಳ್ಳಿಕೊಂಡು ಬಂದಿರುತ್ತದೆ.

ಮರವನ್ನೇ ಬುಡಸಮೇತ ತೆಗೆಸಬೇಕು ಅಂದಾಗ ಮೊದಲು ಅನುಮತಿ ಪಡೆಯಬೇಕು. ನಮ್ಮ ಹಿತ್ತಲಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಗೆ ಅರ್ಜಿ ಕೊಡಬೇಕು. ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ಟೊಂಗೆ ತಂತಿಗೆ ತಾಗಿದ್ದರೆ ಜೆಸ್ಕಾಂನವರಿಗೆ ಹೇಳಿ, ಕರೆಂಟ್ ತೆಗೆಸದೆ ಯಾರೂ ಮರ ಹತ್ತಬಾರದು. ಹಸಿ ಟೊಂಗೆಯಲ್ಲಿ ಕರೆಂಟ್ ಹರಿಯುತ್ತದೆ. ಹಕ್ಕಿಗೂಡಿನಲ್ಲಿ ಮೊಟ್ಟೆ, ಮರಿ ಇದ್ದರೆ ಕೆಲವು ವಾರ ಕಾಯಿರಿ.

ಮನೆಯಂಗಳದಲ್ಲಿ ಮರ ಸಾಕುವುದು ಈ ಸೀಮೆಗೆ ಹೊಸದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬೆಟ್ಟ ಹತ್ತಿ ನೋಡಿ, ಮನೆಗಳ ತೋಟಗಳಲ್ಲಿ ದಟ್ಟ ಮರಗಳಿವೆ, ಊರೊಳಗೆ ಕಾಲುವೆಗಳು ಹರಿಯುತ್ತಿವೆ ಎಂದು ಬರೆದಿಟ್ಟಿದ್ದಾನೆ. ಆ ಕಾಲದ ತುರ್ತು ಕಾಲುವೆ ಇಂದಿಗೂ ಹಂಪಿಯ ಬಾಳೆ ತೋಟಗಳಿಗೆ ನೀರುಣಿಸುತ್ತಿದೆ. ನಾವೋ ಬೊಡ್ಡೆಯ ಸುತ್ತ ಸಿಮೆಂಟ್ ಹಾಕಿ ಬೇರನ್ನು ಬಿಗಿದುಬಿಡುತ್ತೇವೆ. ನೀರು, ಲವಣ ಹೀರುವ ಎಳೆಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಅವಕ್ಕೂ ಉಸಿರಾಡಲು ಗಾಳಿ ಬೇಕು. ಮಣ್ಣು ತೆರೆದಿರಲಿ. ನೀರನ್ನು ಬೊಡ್ಡೆಗೆ ಸುರಿಯುವ ಬದಲು ನೆರಳಿನ ಅಂಚಿನ ಕಡೆ ಪಾತಿ ಮಾಡಿ ಹಾಕಿ, ಉದುರಿದ ಎಲೆಯನ್ನು ಸುಡದೆ ಪಾತಿಗೇ ಹೊದಿಸಿ. ಸಂಡೂರಿನಲ್ಲಿ ಅದಿರು ಲಾರಿ ಓಡಾಡುವ ದಾರಿಯ ಪಕ್ಕ ಮನೆಯಿದ್ದರೆ, ಗಿಡ ಚಿಕ್ಕದಿರುವ ತನಕ ಎಲೆಗಳ ಮೇಲಿನ ಕೆಂಧೂಳನ್ನು ಆಗಾಗ ನೀರು ಚಿಮುಕಿಸಿ ತೊಳೆಯಿರಿ. ಧೂಳು ಕೂತ ಎಲೆಗೆ ಬೆಳಕು ಸಾಲುವುದಿಲ್ಲ, ಬೆಳಕಿಲ್ಲದೆ ಅದು ಅಡುಗೆ ಮಾಡಲಾರದು.

ಟೊಂಗೆ ಕೊಯ್ದ ದಿನ ಗಾಯದ ಅಡ್ಡಗಲವನ್ನು ಸ್ಕೇಲಿನಿಂದ ಅಳೆದು, ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಳೆಗಾಲ ಮುಗಿದಾಗ ಮತ್ತೆ ಅಳೆಯಿರಿ. ಅಂಚಿನಲ್ಲಿ ಎದ್ದ ಹೊಸ ಕಟ್ಟಿಗೆಯ ಏಣು ಸುತ್ತಲೂ ಒಂದೇ ಸಮ ಇದೆಯೇ, ಒಂದು ಬದಿ ಬಂದೇ ಇಲ್ಲವೇ ನೋಡಿ. ಬಾರದ ಬದಿಯಲ್ಲಿ ಉಬ್ಬು ಕೊಯ್ದು ಹೋಗಿರಬಹುದು.