ಕತೆ ಯಾರದು?

(ಸಂಸ್ಥೆಯ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಮಾಡಿದ ಭಾಷಣ)



ಹಿಂದೊಮ್ಮೆ ಒಂಬತ್ತನೇ ತರಗತಿಯ ಮಕ್ಕಳಿಂದ ಶಾಕುಂತಲ ನಾಟಕದ ಒಂದು ದೃಶ್ಯ ಆಡಿಸಲು ತಯಾರಿ ನಡೆಸಿದ್ದೆ. ಪಾಲಕರೊಬ್ಬರು ಬಂದು, "ಮಾಸ್ತರ್, ಇದು ನಮ್ಮ ಕತಿ ಅಲ್ಲಲ್ರಿ, ನಮ್ಮ ಹುಡುಗಿಗೆ ಯಾಕ್ರಿ?" ಎಂದು ಕೇಳಿದರು. ಸಿಟ್ಟಿನಿಂದಲ್ಲ, ಮಗಳ ಮೇಲಿನ ಕಾಳಜಿಯಿಂದ. ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ, ದೃಶ್ಯವನ್ನೂ ಕೈಬಿಟ್ಟೆ. ಆ ಉತ್ತರವನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ಈ ಕತೆ ಕಾಳಿದಾಸನಿಗೂ ಬೇರೆ ಕಡೆಯಿಂದ ಬಂದದ್ದು. ಮಹಾಭಾರತದ ಕತೆಯಲ್ಲಿ ದುಷ್ಯಂತನಿಗೆ ಮರೆವಿಲ್ಲ. ಗುರುತಿದ್ದರೂ ಜನರ ಮಾತಿಗೆ ಅಂಜಿ ಹೆಂಡತಿಯನ್ನು ಅರಿಯೆ ಎನ್ನುತ್ತಾನೆ. ಶಕುಂತಲೆ ಮಗನೊಡನೆ ಬಂದು ತುಂಬಿದ ಸಭೆಯಲ್ಲಿ ಅವನೆದುರು ವಾದಿಸುತ್ತಾಳೆ. ಅಲ್ಲಿ ದೂರ್ವಾಸರ ಶಾಪವಿಲ್ಲ, ಉಂಗುರವೂ ಇಲ್ಲ. ಕಾಳಿದಾಸನ ನಾಟಕದಲ್ಲಿ ಅವು ಬಂದವು. ರಾಜನ ಸುಳ್ಳು ರಾಜನ ಮರೆವಾಯಿತು. ಕತೆ ಎಲ್ಲಿ ಬದಲಾಗುತ್ತದೆಯೋ ಅಲ್ಲಿ ಬರೆದವನ ಮನಸ್ಸು ಕಾಣುತ್ತದೆ.

ಮುಂದೆ ಈ ನಾಟಕ ಬಹುದೂರ ನಡೆಯಿತು. 1789ರಲ್ಲಿ ವಿಲಿಯಂ ಜೋನ್ಸ್ ಇಂಗ್ಲಿಷಿಗೆ ತಂದರು. 1791ರಲ್ಲಿ ಜರ್ಮನ್ ಭಾಷೆಗೆ ಹೋಯಿತು. ಮಹಾಕವಿ ಗಯಟೆ ಅದನ್ನು ಮನಸಾರೆ ಮೆಚ್ಚಿದರು. 1801ರಲ್ಲಿ ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕಾಜಿಮ್ ಅಲಿ ಜವಾನ್ ಅವರು ಬ್ರಜಭಾಷೆಯ ಶಕುಂತಲೆಯ ಕತೆಯನ್ನು ಉರ್ದುವಿನಲ್ಲಿ ಹೇಳಿದರು. ಉರ್ದು ಗದ್ಯದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಕನ್ನಡದಲ್ಲಿ ಚುರಮರಿ ಶೇಷಗಿರಿರಾಯರು ಮತ್ತು ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಅದೇ ನಾಟಕವನ್ನು ತಂದದ್ದು ಅದಕ್ಕೂ ದಶಕಗಳ ನಂತರ. ಅಂದರೆ ಶಕುಂತಲೆ ಹೊಸಗನ್ನಡದ ನಾಟಕಕ್ಕಿಂತ ಮೊದಲೇ ನಮ್ಮ ಮನೆಮಾತಿಗೆ ಬಂದಿದ್ದಳು!

ಹೊರಗಿನದೂ ಹೀಗೆಯೇ ಒಳಗೆ ಬಂದಿದೆ. ಗ್ರೀಕ್ ಕವಿ ಸೊಫೊಕ್ಲಿಸನ 'ಅಜಾಕ್ಸ್' ನಾಟಕವನ್ನು ಬಿ.ಎಂ.ಶ್ರೀ. ಅವರು 1929ರಲ್ಲಿ 'ಅಶ್ವತ್ಥಾಮನ್' ಮಾಡಿದರು. ಗ್ರೀಕ್ ವೀರನ ಸಂಕಟ ಮಹಾಭಾರತದ ವೀರನಿಗೆ ಒಗ್ಗಿತು. ಶೇಕ್ಸ್‌ಪಿಯರನ 'ಕಿಂಗ್ ಲಿಯರ್' ಆಗಾ ಹಶ್ರ್ ಕಾಶ್ಮೀರಿ ಅವರ ಕೈಯಲ್ಲಿ ಉರ್ದುವಿನ 'ಸಫೇದ್ ಖೂನ್' ಆಯಿತು.

ನಮ್ಮ ಜಿಲ್ಲೆಯವರನ್ನೂ ನೆನೆಯೋಣ. 1856ರಲ್ಲಿ ಸಾತೇನಹಳ್ಳಿಯಲ್ಲಿ ಹುಟ್ಟಿದ ಶಾಂತಕವಿಗಳು ನನ್ನಂತೆಯೇ ಸಾಲಿ ಮಾಸ್ತರರು. ಮರಾಠಿ ನಾಟಕಗಳ ಅಬ್ಬರದ ಕಾಲದಲ್ಲಿ ಗದುಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಪುರಾಣದ ಉಷೆಯ ಕತೆಯನ್ನು ಜನರ ಭಾಷೆಯಲ್ಲಿ ಆಡಿಸಿದರು. ಮುಂದೆ ಅದೇ ಕನ್ನಡ ರಂಗಭೂಮಿಯಲ್ಲಿ ಮಹಮ್ಮದ್ ಪೀರ್ ಅವರು ಷಹಜಹಾನನೂ ಆದರು, ಗೌತಮ ಬುದ್ಧನೂ ಆದರು. ಪಾತ್ರ ಮಾಡಿದ್ದರಿಂದ ಅವರು ತಮ್ಮತನ ಕಳೆದುಕೊಳ್ಳಲಿಲ್ಲ. ನೋಡಿದವರ ಮನಸ್ಸು ಮಾತ್ರ ದೊಡ್ಡದಾಯಿತು.

ನಮ್ಮೂರ ಮೆಣಸಿನಕಾಯಿಯನ್ನೇ ನೋಡಿರಿ. ಮೆಣಸಿನಕಾಯಿ ಗಿಡ ಪೋರ್ಚುಗೀಸರ ಕಾಲದಲ್ಲಿ ಕಡಲು ದಾಟಿ ಬಂದದ್ದು. ಇಂದು ಬ್ಯಾಡಗಿಯ ಹೆಸರಿನಲ್ಲೇ ಮಾರಾಟವಾಗುತ್ತದೆ. ಅದನ್ನು ಪರರದು ಎನ್ನುವವರು ಯಾರು? ಬಿತ್ತಿ ಬೆಳೆದವರದೇ ಬೆಳೆ. ಕತೆಯೂ ಹಾಗೆಯೇ, ಓದಿ ಆಡಿದವರದು.

ವಿದ್ಯಾರ್ಥಿಗಳೇ, ಯಾವ ಕತೆಯನ್ನೂ "ನಮ್ಮದಲ್ಲ" ಎಂದು ಮುಚ್ಚಿಡಬೇಡಿರಿ. ಉರ್ದುವಿನಲ್ಲಿ ಓದಿರಿ, ಕನ್ನಡದಲ್ಲಿ ಓದಿರಿ. ಎಲ್ಲಿ ಬದಲಾಗಿದೆ, ಯಾಕೆ ಬದಲಾಗಿದೆ ಎಂದು ಕೇಳಿರಿ. ಬರುವ ವರ್ಷ ನಾನು ಆ ದೃಶ್ಯವನ್ನು ಮತ್ತೆ ಕೈಗೆತ್ತಿಕೊಳ್ಳುತ್ತೇನೆ. ಆದರೆ ಉಂಗುರ ಕಳೆದುಕೊಂಡು ಅಳುವ ಶಕುಂತಲೆಯನ್ನಲ್ಲ, ಸಭೆಯಲ್ಲಿ ನಿಂತು ತನ್ನ ಹಕ್ಕು ಕೇಳುವ ಶಕುಂತಲೆಯನ್ನು. ಆ ಪಾಲಕರು ಮುಂದಿನ ಸಾಲಿನಲ್ಲಿ ಕೂತು ನೋಡಬೇಕೆಂದು ನನ್ನ ವಿನಂತಿ.