ಶಾಲೆಯ ಅಂಗಳದ ಮೇಲ್ಮಣ್ಣು



2011ರ ಮಾರ್ಚ್ 11ರಂದು ಜಪಾನಿನಲ್ಲಿ ಸಂಭವಿಸಿದ ಭೂಕಂಪ ಮತ್ತು ಸುನಾಮಿಯಿಂದ ಫುಕುಶಿಮಾ ಪರಮಾಣು ವಿದ್ಯುತ್ ಸ್ಥಾವರವು ಹಾನಿಗೊಂಡಿತು. ಹೊರಬಿದ್ದ ವಿಕಿರಣಶೀಲ ಸೀಸಿಯಂ ಗಾಳಿ-ಮಳೆಗಳೊಡನೆ ಶಾಲೆಗಳ ಆಟದ ಮೈದಾನಗಳನ್ನೂ ಸೇರಿತು.

ಏಪ್ರಿಲ್ 19ರಂದು ಅಲ್ಲಿನ ಶಿಕ್ಷಣ ಸಚಿವಾಲಯವು ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿಯನ್ನು ಆಧರಿಸಿ, ಗಂಟೆಗೆ 3.8 ಮೈಕ್ರೋಸೀವರ್ಟ್‌ಗಿಂತ ಕಡಿಮೆ ವಿಕಿರಣವಿರುವ ಮೈದಾನಗಳನ್ನು ಎಂದಿನಂತೆ ಬಳಸಬಹುದೆಂದು ಸೂಚಿಸಿತು. ಮಕ್ಕಳಿಗೆ ಈ ಮಿತಿ ಸಲ್ಲದೆಂದು ಪ್ರಧಾನಿಯವರ ಸಲಹೆಗಾರರಾಗಿದ್ದ ಪ್ರಾಧ್ಯಾಪಕ ತೊಶಿಸೊ ಕೊಸಾಕೊ ರಾಜೀನಾಮೆಯಿತ್ತರು. ಪೋಷಕರು ಪ್ರತಿಭಟಿಸಿದರು. ಮೇ 27ರಂದು ಸಚಿವಾಲಯವು ಶಾಲೆಯಲ್ಲಿ ಮಕ್ಕಳಿಗೆ ತಗಲುವ ವಿಕಿರಣವನ್ನು ವರ್ಷಕ್ಕೆ 1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆಗೆ ಇಳಿಸುವ ಗುರಿಯನ್ನು ಪ್ರಕಟಿಸಿತು.

ಕೊರಿಯಾಮಾ ನಗರಾಡಳಿತವಾದರೋ ಏಪ್ರಿಲ್ ಅಂತ್ಯದಲ್ಲಿಯೇ ಮೇಲ್ಮಣ್ಣು ತೆಗೆಸಲು ಆರಂಭಿಸಿತ್ತು. ಸೀಸಿಯಂ ಜೇಡಿಕಣಗಳಿಗೆ ಬಲವಾಗಿ ಅಂಟಿ, ಮೇಲಿನ ಕೆಲವೇ ಸೆಂಟಿಮೀಟರುಗಳಲ್ಲಿ ಉಳಿಯುತ್ತದೆ. ಆದಕಾರಣ ಆ ತೆಳುಪದರವನ್ನು ಹೆರೆದರೆ ವಿಕಿರಣವು ಗಣನೀಯವಾಗಿ ತಗ್ಗುತ್ತದೆ.

ಆದರೆ ತೆಗೆದ ಮಣ್ಣನ್ನು ಸ್ವೀಕರಿಸುವವರಿರಲಿಲ್ಲ. ಅದನ್ನು ಹೊದಿಕೆ ಹಾಕಿ ಶಾಲೆಯ ಆವರಣದಲ್ಲಿಯೇ ಇರಿಸಬೇಕಾಯಿತು. ಮುಂದೆ ಒಕುಮಾ, ಫುತಾಬಾ ಪಟ್ಟಣಗಳಲ್ಲಿ ಮಧ್ಯಂತರ ಸಂಗ್ರಹಾಗಾರ ನಿರ್ಮಾಣವಾಯಿತು. ಅಲ್ಲಿನ ಮಣ್ಣನ್ನು 2045ರ ಮಾರ್ಚ್ ಒಳಗೆ ಫುಕುಶಿಮಾ ಪ್ರಾಂತದ ಹೊರಗೆ ಅಂತಿಮವಾಗಿ ವಿಲೇವಾರಿ ಮಾಡಬೇಕೆಂದು ಕಾನೂನು ವಿಧಿಸಿದೆ.

ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಹೆರೆದ ಮಣ್ಣು ಸ್ಥಳ ಬದಲಿಸುತ್ತದೆಯೇ ಹೊರತು ನಾಶವಾಗುವುದಿಲ್ಲ. ಯಾವುದೇ ಶಾಲೆಯ ಅಂಗಳವನ್ನು ಶುದ್ಧಗೊಳಿಸುವಾಗ, ಆ ಮಣ್ಣನ್ನು ಎಲ್ಲಿರಿಸಬೇಕು ಮತ್ತು ಯಾರು ಕಾಯಬೇಕು ಎಂಬುದನ್ನು ಗುದ್ದಲಿ ಎತ್ತುವ ಮುನ್ನವೇ ನಿರ್ಧರಿಸುವುದು ಅವಶ್ಯಕ.